ಸಹಿ ಹಾಕುವ ಮುಂಚೆ: ಹೊಲ, ಮನೆ, ಕೂಲಿ, ಸಂಸಾರದ ಬಗ್ಗೆ ನಮ್ಮ ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ವಕೀಲ ಅಲ್ಲ. ಕೊಪ್ಪಳದಲ್ಲಿ ಒಬ್ಬ ವಕೀಲರ ಕಚೇರಿಯಲ್ಲಿ ಗುಮಾಸ್ತ. ಫೈಲು ಹುಡುಕುವುದು, ನಕಲಿಗೆ ಅರ್ಜಿ ಹಾಕುವುದು, ತಾರೀಖು ಬರೆದಿಡುವುದು, ಬಂದವರಿಗೆ ಚಹಾ ತರಿಸುವುದು ನನ್ನ ಕೆಲಸ. ಸಾಹೇಬರು ಕೋರ್ಟಿನಲ್ಲಿದ್ದಾಗ ಜನ ನನ್ನನ್ನೇ ಕೇಳುತ್ತಾರೆ. ಸಂಜೆ ಮನೆಗೆ ಹೋದರೆ ಸಿಂಧನೂರಿನಿಂದ, ಬಳ್ಳಾರಿಯಿಂದ ನೆಂಟರ ಫೋನು, ಅವರದ್ದೂ ಅದೇ ಪ್ರಶ್ನೆಗಳು. ಹೇಳಿ ಹೇಳಿ ಬಾಯಿಪಾಠ ಆಗಿರುವುದನ್ನು ಇಲ್ಲಿ ಬರೆದಿದ್ದೇನೆ. ನಿಮ್ಮ ಕಾಗದ ನೋಡದೆ ಯಾರೂ ಪಕ್ಕಾ ಉತ್ತರ ಕೊಡಲಾರರು, ಅದು ನೆನಪಿರಲಿ. ಆದರೆ ಯಾವ ಬಾಗಿಲು ತಟ್ಟಬೇಕು ಅನ್ನುವುದು ಇದರಿಂದ ತಿಳಿಯುತ್ತೆ.

ಮದುವೆಯಾಗಿ ಇಪ್ಪತ್ತು ವರ್ಷ ಆಯಿತು. ಅಪ್ಪನ ಹೊಲದಲ್ಲಿ ನನಗೆ ಪಾಲು ಇದೆಯಾ?

ಇದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಬಂತು, ಆ ವರ್ಷದ ಸೆಪ್ಟೆಂಬರ್ 9ರಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳೂ ಮಗನಷ್ಟೇ ಹಕ್ಕುದಾರಳು. ಮದುವೆಯಾಗಿದೆಯೋ ಇಲ್ಲವೋ ಅನ್ನುವುದು ಲೆಕ್ಕಕ್ಕಿಲ್ಲ. "ನಮ್ಮಪ್ಪ 2005ಕ್ಕಿಂತ ಮುಂಚೆನೇ ತೀರಿಕೊಂಡ್ರು, ಹಂಗಾಗಿ ನಿನಗಿಲ್ಲ" ಅಂತ ಅಣ್ಣಂದಿರು ಹೇಳುವುದು ಬಹಳ. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಕೇಸಿನಲ್ಲಿ ಅದನ್ನು ತಳ್ಳಿಹಾಕಿದೆ. ಮಗಳ ಹಕ್ಕು ಹುಟ್ಟಿನಿಂದ ಬರುವುದು, ಅಪ್ಪ ಆ ದಿನ ಬದುಕಿರಬೇಕು ಅಂತೇನಿಲ್ಲ. ಆದರೆ 2004ರ ಡಿಸೆಂಬರ್ 20ಕ್ಕಿಂತ ಮುಂಚೆಯೇ ರಿಜಿಸ್ಟರ್ ಆದ ಪಾಲು ಅಥವಾ ಕೋರ್ಟಿನ ಡಿಕ್ರಿ ಆಗಿದ್ದರೆ ಅದನ್ನು ಮತ್ತೆ ಕೆದಕಲು ಬರುವುದಿಲ್ಲ.

ಅಪ್ಪ ಸ್ವಂತ ದುಡಿದು ತೊಗೊಂಡ ಹೊಲ ಬೇರೆ ಮಾತು. ಬದುಕಿದ್ದಾಗ ಅದನ್ನು ಯಾರಿಗೆ ಬೇಕಾದರೂ ಕೊಡಬಹುದು, ವಿಲ್ ಬರೆಯಬಹುದು. ಏನೂ ಬರೆಯದೆ ತೀರಿಕೊಂಡರೆ ಹೆಂಡತಿ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮ ಪಾಲು. ಅಜ್ಜಿ, ಅವ್ವ, ಇಬ್ಬರು ಅಣ್ಣಂದಿರು, ನೀವು ಅಂದರೆ ಐದು ಪಾಲು.

ಒಂದು ಮಾತು ನಮ್ಮ ಕಡೆಯವರಿಗೆ ಮುಖ್ಯ. ಈ ಕಾಯ್ದೆ ಪರಿಶಿಷ್ಟ ಪಂಗಡದವರಿಗೆ ನೇರವಾಗಿ ಅನ್ವಯಿಸುವುದಿಲ್ಲ ಎಂದು ಅದರ 2ನೇ ಕಲಮೇ ಹೇಳುತ್ತೆ. ಬಳ್ಳಾರಿ, ರಾಯಚೂರು ಕಡೆ ವಾಲ್ಮೀಕಿ ನಾಯಕ ಮನೆತನಗಳು ಜಾಸ್ತಿ. ಅವರು ಪಾಲಿನ ಕೇಸು ಹಾಕುವ ಮುಂಚೆ ಇದನ್ನು ವಕೀಲರ ಹತ್ತಿರ ಬಿಡಿಸಿ ಕೇಳಬೇಕು. ಮುಸ್ಲಿಮರಿಗೆ ಅವರದೇ ವೈಯಕ್ತಿಕ ಕಾನೂನು, ಅಲ್ಲಿ ಮಗಳಿಗೆ ಮಗನ ಅರ್ಧದಷ್ಟು ಪಾಲು.

ತಮ್ಮ "ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬಾ, ಒಂದು ಸಹಿ ಸಾಕು" ಅಂತಾನೆ. ಹೋಗಲಾ?

ಹೋಗಿ, ಆದರೆ ಮುಂಚಿನ ದಿನವೇ ಆ ಕಾಗದದ ಒಂದು ಜೆರಾಕ್ಸ್ ಕೇಳಿ ತೊಗೊಳ್ಳಿ. ಕೊಡಲಿಲ್ಲ ಅಂದರೆ ಹೋಗಬೇಡಿ.

ನಾನು ಈ ದೃಶ್ಯ ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ. ಅಕ್ಕನಿಗೆ ಬೆಳಿಗ್ಗೆ ಹೊಸ ಇಳಕಲ್ ಸೀರೆ ಉಡಿಸಿ ಕರೆದುಕೊಂಡು ಬಂದಿರುತ್ತಾರೆ. ಬಾಂಡ್ ರೈಟರ್ ಹತ್ತಿರ ಕಾಗದ ರೆಡಿ ಇರುತ್ತೆ, ಅದನ್ನು ಅಕ್ಕನಿಗೆ ಯಾರೂ ಓದಿ ಹೇಳಿರುವುದಿಲ್ಲ. "ಏನಾಗಂಗಿಲ್ಲಬೇ, ಸುಮ್ನ ಒತ್ತು" ಅಂತ ತಮ್ಮ ಹೇಳುತ್ತಾನೆ. ಆಕೆ ಹೆಬ್ಬಟ್ಟು ಒತ್ತಿ, ಮಸಿ ಹತ್ತಿದ ಬೆರಳನ್ನು ತಲೆಗೂದಲಿಗೆ ಒರೆಸಿಕೊಳ್ಳುತ್ತಾಳೆ. ಆಮೇಲೆ ಎಲ್ಲರೂ ಖಾನಾವಳಿಗೆ ಹೋಗಿ ಹೋಳಿಗೆ ಊಟ. ಆ ಕಾಗದದ ಹೆಸರು ಹಕ್ಕು ಬಿಡುಗಡೆ ಪತ್ರ. ಅದರಲ್ಲಿ "ನನಗೆ ಬರಬೇಕಾದ ಪಾಲಿನ ಬದಲು ಹಣ ಮುಟ್ಟಿದೆ, ಇನ್ನು ಮುಂದೆ ನನ್ನದಾಗಲಿ ನನ್ನ ಮಕ್ಕಳದಾಗಲಿ ಯಾವ ತಕರಾರೂ ಇಲ್ಲ" ಅಂತ ಇರುತ್ತೆ. ಹಣ ಮುಟ್ಟಿರುವುದಿಲ್ಲ, ಮುಟ್ಟಿದ್ದು ಸೀರೆ.

ಒಮ್ಮೆ ಕುಷ್ಟಗಿ ಕಡೆಯ ಒಬ್ಬ ಅವ್ವ ಬಂದಿದ್ದರು. "ಸಹಿ ಹಾಕ್ಲಿಲ್ಲ ಅಂದ್ರ ತವರುಮನಿ ಬಾಗ್ಲ ಮುಚ್ಚತೈತ್ರಿ, ಪಂಚಮಿಗೆ ಕರಿಯಾಕ ಯಾರೂ ಬರಂಗಿಲ್ಲ" ಅಂದರು. ಅದಕ್ಕೆ ಕಾನೂನಿನಲ್ಲಿ ಉತ್ತರ ಇಲ್ಲ. ಮನಸಾರೆ ಬಿಟ್ಟುಕೊಡುವುದು ನಿಮ್ಮ ಇಷ್ಟ, ತಪ್ಪೇನಿಲ್ಲ. ಆದರೆ ಏನು ಬಿಡುತ್ತಿದ್ದೀರಿ ಅಂತ ಗೊತ್ತಿರಲಿ. ಯಾವ ಸರ್ವೆ ನಂಬರು, ಎಷ್ಟು ಎಕರೆ, ಇಂದಿನ ರೇಟಿಗೆ ನಿಮ್ಮ ಪಾಲು ಎಷ್ಟಾಗುತ್ತೆ, ಅಷ್ಟು ತಿಳಿದುಕೊಳ್ಳಿ. ಹಣ ಕೊಡುತ್ತೇನೆ ಅಂದರೆ ಚೆಕ್ಕೋ ಡಿಡಿಯೋ ಇರಲಿ, ಅದರ ನಂಬರು ಪತ್ರದಲ್ಲಿ ಬರಲಿ. ಒಮ್ಮೆ ರಿಜಿಸ್ಟರ್ ಆದ ಬಿಡುಗಡೆ ಪತ್ರ ರದ್ದು ಮಾಡಿಸುವುದು ಬಹಳ ಕಷ್ಟ. ಮೋಸದಿಂದ ಬರೆಸಿಕೊಂಡಿದ್ದರೆ, ಮೋಸ ಗೊತ್ತಾದ ದಿನದಿಂದ ಮೂರು ವರ್ಷದೊಳಗೆ ದಾವೆ ಹಾಕಬೇಕು. ಮೋಸ ಆಯಿತು ಅಂತ ಸಾಬೀತು ಮಾಡುವ ಹೊರೆಯೂ ನಿಮ್ಮ ಮೇಲೇ.

ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೇ ಇದೆ. ಏನು ಮಾಡಬೇಕು?

ಪೌತಿ ಖಾತೆ ಮಾಡಿಸಬೇಕು, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸುವುದು. ಮರಣ ಪ್ರಮಾಣ ಪತ್ರ, ವಂಶವೃಕ್ಷ, ಎಲ್ಲ ವಾರಸುದಾರರ ಆಧಾರ್, ಪಹಣಿ ಹಿಡಿದು ನಾಡಕಚೇರಿಗೆ ಹೋಗಿ. ಆಕ್ಷೇಪಣೆಗೆ ನೋಟಿಸ್ ಅಂಟಿಸುತ್ತಾರೆ, ತಕರಾರು ಬಾರದಿದ್ದರೆ ಮ್ಯುಟೇಶನ್ ಆಗುತ್ತೆ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಡುವುದು ನಮ್ಮಲ್ಲಿ ಒಂದು ಚಾಳಿ. ಅದು ಸುಳ್ಳು ದಾಖಲೆ, ಮುಂದೆ ಹೊಲ ಮಾರುವಾಗ ಅದೇ ಕೊರಳಿಗೆ ಸುತ್ತಿಕೊಳ್ಳುತ್ತೆ.

ಹೆಸರಿನ ಒಂದೊಂದು ಅಕ್ಷರವನ್ನೂ ನೋಡಿ ಅಂತ ನಾನು ಹೇಳುವುದಕ್ಕೆ ಕಾರಣ ಇದೆ. ನಮ್ಮಪ್ಪನ ಹೆಸರಿನಲ್ಲಿ ಒಂದು ಒತ್ತಕ್ಷರ ಪಹಣಿಯಲ್ಲಿ ಬಿಟ್ಟುಹೋಗಿತ್ತು, ಆಧಾರಿನಲ್ಲಿ ಸರಿಯಿತ್ತು. ಆ ಒಂದು ಒತ್ತಿಗಾಗಿ ನಾನು ಅರ್ಜಿ, ಅಫಿಡವಿಟ್, ಮತ್ತೆ ಅರ್ಜಿ ಅಂತ ಹನ್ನೊಂದು ತಿಂಗಳು ಒಂದು ಕಚೇರಿಯ ಬೆಂಚು ಕಾದೆ. ಗುಮಾಸ್ತನ ಗತಿಯೇ ಇಷ್ಟಾದರೆ ಉಳಿದವರದ್ದು?

ಇನ್ನೊಂದು ವಿಷಯ. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಯಾರೂ ಮಾಲೀಕರಾಗುವುದಿಲ್ಲ, ಹೆಸರು ಇಲ್ಲದಿದ್ದರೆ ಹಕ್ಕು ಹೋಗುವುದೂ ಇಲ್ಲ. ಅದು ಕಂದಾಯದ ದಾಖಲೆ. ಹಕ್ಕು ಯಾರದು ಅಂತ ಹೇಳುವುದು ಸಿವಿಲ್ ಕೋರ್ಟು.

ಅಣ್ಣತಮ್ಮಂದಿರು ಹಿರಿಯರ ಮುಂದೆ ಬಾಂಡ್ ಮೇಲೆ ಪಾಲುಪಟ್ಟಿ ಬರೆದುಕೊಂಡಿದ್ದೇವೆ. ನಡೆಯುತ್ತಾ?

ಬಾಂಡಿನ ಬೆಲೆ ಎಷ್ಟಿದ್ದರೂ ಅದು ರಿಜಿಸ್ಟ್ರೇಷನ್ ಅಲ್ಲ. ಪಾಲು ಮಾಡುವ ಪತ್ರ ರಿಜಿಸ್ಟರ್ ಆಗಲೇಬೇಕು. ನೋಟರಿ ಸೀಲು, ಐದು ಜನ ಹಿರಿಯರ ಸಹಿ, ದೇವರ ಮುಂದೆ ಆಣೆ, ಯಾವುದೂ ಅದರ ಜಾಗಕ್ಕೆ ಬರುವುದಿಲ್ಲ. ಬಾಯಿಮಾತಿನಲ್ಲಿ ಮುಂಚೆಯೇ ಪಾಲಾಗಿ, ಅದನ್ನು ನೆನಪಿಗೆ ಅಂತ ಬರೆದಿಟ್ಟಿದ್ದರೆ ಕೋರ್ಟು ಒಪ್ಪಿದ್ದುಂಟು, ಆದರೆ ಅದನ್ನು ಸಾಬೀತು ಮಾಡುವಷ್ಟರಲ್ಲಿ ಕೂದಲು ಬೆಳ್ಳಗಾಗುತ್ತೆ. ಈಗ ಎಲ್ಲರೂ ಮಾತಾಡುವ ಸ್ಥಿತಿಯಲ್ಲಿದ್ದರೆ ಈಗಲೇ ರಿಜಿಸ್ಟರ್ ಮಾಡಿಸಿ.

ನಮ್ಮ ಹಳೆಯ ಕಾಗದ ಉರ್ದುವಿನಲ್ಲಿದೆ. ಬಿಸಾಡಬಹುದಾ?

ಅಯ್ಯೋ, ಬೇಡ. ರಾಯಚೂರು ಸೀಮೆ, ಅದರೊಳಗೆ ಇಂದಿನ ಕೊಪ್ಪಳ, ನಿಜಾಮರ ಹೈದರಾಬಾದಿನಲ್ಲಿತ್ತು, ಅದು ಕರ್ನಾಟಕಕ್ಕೆ ಸೇರಿದ್ದು 1956ರಲ್ಲಿ. ಹಾಗಾಗಿ ಅಜ್ಜಂದಿರ ಕಾಲದ ಕಾಗದ ಉರ್ದುವಿನಲ್ಲಿರುವುದು ಸಹಜ. ಬಳ್ಳಾರಿ ಮದ್ರಾಸಿಗೆ ಸೇರಿತ್ತು, 1953ರ ಅಕ್ಟೋಬರ್ 1ಕ್ಕೆ ಮೈಸೂರಿಗೆ ಬಂತು. ಅಲ್ಲಿಯ ಹಳೆಯ ಕಾಗದ ಇಂಗ್ಲಿಷ್, ತೆಲುಗಿನಲ್ಲಿ ಇರುತ್ತೆ. ಮೂಲ ಪ್ರತಿಯನ್ನು ಲ್ಯಾಮಿನೇಷನ್ ಮಾಡಿಸಬೇಡಿ, ಪ್ಲಾಸ್ಟಿಕ್ ಕವರಿನಲ್ಲಿ ಸಡಿಲವಾಗಿ ಇಡಿ. ಓದಲು ಬರುವ ಹಿರಿಯರು ಇನ್ನೂ ಒಬ್ಬಿಬ್ಬರು ಕೋರ್ಟಿನ ಸುತ್ತಮುತ್ತ ಸಿಗುತ್ತಾರೆ. ಅವರಿರುವಾಗಲೇ ತರ್ಜುಮೆ ಮಾಡಿಸಿಟ್ಟುಕೊಳ್ಳಿ.

ಪ್ಲಾಟು ತೊಗೊಳ್ಳಬೇಕು. ಏನೇನು ನೋಡಬೇಕು?

ಮೊದಲು ಎನ್‌ಎ, ಅಂದರೆ ಜಮೀನು ಕೃಷಿಯೇತರ ಅಂತ ಬದಲಾವಣೆ, ಆಗಿದೆಯಾ ಅಂತ ಕೇಳಿ. "ಆಗ್ತದ್ರಿ, ಫೈಲ್ ಹೋಗೇತಿ" ಅಂದರೆ ಆಗಿಲ್ಲ ಅಂತ ಅರ್ಥ. ಜಿಲ್ಲಾಧಿಕಾರಿಗಳ ಆದೇಶದ ಪ್ರತಿ ಕೈಗೆ ಬರಬೇಕು. ಆಮೇಲೆ ಲೇಔಟಿಗೆ ನಗರಾಭಿವೃದ್ಧಿ ಪ್ರಾಧಿಕಾರದ ಅನುಮೋದನೆ ಇದೆಯಾ, ನಕ್ಷೆಯಲ್ಲಿ ನಿಮ್ಮ ಪ್ಲಾಟಿನ ಜಾಗ ಪಾರ್ಕು ಅಂತ ತೋರಿಸಿಲ್ಲ ತಾನೆ, ನೋಡಿ. ನಗುತ್ತೀರಿ, ಆದರೆ ಪಾರ್ಕಿನ ಜಾಗವನ್ನೇ ಮಾರಿದ ಕೇಸು ನಮ್ಮ ಕಪಾಟಿನಲ್ಲಿದೆ.

ಇ.ಸಿ. (ಋಣಭಾರ ಪ್ರಮಾಣ ಪತ್ರ) ತೆಗೆಸಿ, ಕಡಿಮೆ ಅಂದರೂ 30 ವರ್ಷದ್ದು. ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಸಿಗದ ಹಳೆಯ ವರ್ಷಗಳಿಗೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಹಾಕಬೇಕು. ಪಟ್ಟಣದೊಳಗಾದರೆ ಇ-ಖಾತೆ, ಪಂಚಾಯ್ತಿಯಾದರೆ ಇ-ಸ್ವತ್ತಿನ ನಮೂನೆ, ಅಂದರೆ ಆಸ್ತಿಯ ಕಂಪ್ಯೂಟರ್ ದಾಖಲೆ, ಬೇಕು. ಇವು ಇಲ್ಲದೆ ಈಗ ರಿಜಿಸ್ಟ್ರೇಷನ್ ಆಗುವುದಿಲ್ಲ. ಹೊಲದ ಒಂದು ಭಾಗ ಮಾತ್ರ ತೊಗೊಳ್ಳುತ್ತಿದ್ದರೆ ಆ ಭಾಗವನ್ನು ಸರ್ವೆಯವರು ಅಳೆದು ಕೊಡುವ 11ಇ ನಕ್ಷೆ ಬೇಕು.

ಜಮೀನು ಸರ್ಕಾರ ಮಂಜೂರು ಮಾಡಿದ್ದಾ, ಅದೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಕೊಟ್ಟಿದ್ದಾ ಅಂತ ಹಿಂದಿನ ದಾಖಲೆ ತೆಗೆಸಿ ನೋಡಿ. 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಅಂಥ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ ಆ ಖರೀದಿ ನಿಲ್ಲುವುದಿಲ್ಲ. ಮಂಜೂರಾದವರು ಜಮೀನು ವಾಪಸ್ ಕೇಳಿ ತಡವಾಗಿ ಅರ್ಜಿ ಹಾಕಿದ್ದಾರೆ ಅನ್ನುವ ನೆಪವೂ 2023ರ ತಿದ್ದುಪಡಿ ಆದಮೇಲೆ ಕೊಂಡವರ ಕೈ ಹಿಡಿಯುವುದು ಕಷ್ಟ.

ಜಿಪಿಎ (ಅಧಿಕಾರ ಪತ್ರ) ಮೇಲೆ ಕೊಡುತ್ತೇನೆ ಅಂದರೆ ಎದ್ದು ಬನ್ನಿ. ಜಿಪಿಎಯಿಂದ ಮಾಲೀಕತ್ವ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ. ಇಸಾರು ಕೊಟ್ಟು ಕರಾರು ಪತ್ರ ಮಾಡಿಕೊಂಡಿದ್ದರೆ, ಮಾರುವವನು ಹಿಂದೆ ಸರಿದಾಗ ಸುಮ್ಮನೆ ಅವನ ಮನೆಗೆ ಅಲೆಯುತ್ತಾ ಕೂರಬೇಡಿ. ಖರೀದಿ ಮಾಡಿಕೊಡು ಅಂತ ದಾವೆ ಹಾಕಲು ಮೂರು ವರ್ಷ ಅಷ್ಟೇ. ಖರ್ಚಿನ ಲೆಕ್ಕ ಹಾಕುವಾಗ ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1 ಇದ್ದದ್ದು ಶೇ. 2 ಆಗಿದೆ ಅನ್ನುವುದೂ ಇರಲಿ. ಸ್ಟಾಂಪ್ ಸುಂಕ ಬೇರೆ.

ಪಕ್ಕದ ಹೊಲದವನು ಬದು ಒತ್ತಿದ್ದಾನೆ.

ಹದ್ದುಬಸ್ತಿಗೆ ಅರ್ಜಿ ಹಾಕಿ, ಸರ್ವೆಯವರು ಬಂದು ಅಳೆದು ಕಲ್ಲು ತೋರಿಸುತ್ತಾರೆ. ಒತ್ತುವರಿ ಖಾತ್ರಿಯಾಗಿಯೂ ಬಿಡದಿದ್ದರೆ ಸಿವಿಲ್ ಕೋರ್ಟು. ಬಂಡಿ ದಾರಿ ಮುಚ್ಚಿದ್ದರೆ ಮೊದಲು ತಹಶೀಲ್ದಾರರಿಗೆ ಅರ್ಜಿ. ಕೊಡಲಿ ಹಿಡಿದು ಬದುವಿಗೆ ಹೋಗಬೇಡಿ. ಮೊಳ ಜಾಗದ ಸಿವಿಲ್ ಕೇಸು ನಿಮಿಷದಲ್ಲಿ ಕ್ರಿಮಿನಲ್ ಕೇಸು ಆಗುತ್ತೆ, ಆಮೇಲೆ ಜಾಮೀನಿಗೆ ಓಡಾಡುವುದರಲ್ಲೇ ಅರ್ಧ ಎಕರೆ ಕರಗುತ್ತೆ.

ಬಾಡಿಗೆ ಮನೆಯ ಮಾಲೀಕರು ನಾಳೆಯೇ ಖಾಲಿ ಮಾಡಿ ಅಂತಾರೆ.

ನಾಳೆಯೇ ಅಂತ ಹೇಳಲು ಬರುವುದಿಲ್ಲ. ಕರಾರಿನಲ್ಲಿ ಎಷ್ಟು ದಿನದ ನೋಟಿಸ್ ಅಂತ ಇದೆಯೋ ಅಷ್ಟು ಕೊಡಬೇಕು, ಏನೂ ಬರೆದಿಲ್ಲ ಅಂದರೆ ತಿಂಗಳ ಬಾಡಿಗೆಗೆ 15 ದಿನದ ನೋಟಿಸ್. ಅದಾದಮೇಲೂ ಬೀಗ ಹಾಕುವುದು, ಕರೆಂಟು ತೆಗೆಸುವುದು, ಸಾಮಾನು ಹೊರಗೆ ಹಾಕುವುದು ತಪ್ಪು, ಕೋರ್ಟಿನ ಮೂಲಕವೇ ಬಿಡಿಸಬೇಕು. ಮಾಲೀಕರಿಗೂ ಒಂದು ಮಾತು: 11 ತಿಂಗಳ ಕರಾರು ಅಂತ ಎಲ್ಲರೂ ಮಾಡುವುದು ಒಂದು ವರ್ಷ ದಾಟಿದ್ದನ್ನು ರಿಜಿಸ್ಟರ್ ಮಾಡಿಸಬೇಕು ಅನ್ನುವ ಕಾರಣಕ್ಕೆ. ಲಕ್ಷಗಟ್ಟಲೆ ಹಣ ಕೊಟ್ಟು ಮೂರು ವರ್ಷಕ್ಕೆ ಲೀಸ್ ಹಾಕಿಕೊಳ್ಳುವವರು ರಿಜಿಸ್ಟರ್ ಮಾಡಿಸದೇ ಇರುವುದು ನನಗಂತೂ ಅರ್ಥವಾಗುವುದಿಲ್ಲ. ಎರಡು ಸಾವಿರದ ಮೊಬೈಲಿಗೆ ಬಿಲ್ಲು ಕೇಳುತ್ತೀರಿ ಅಲ್ವಾ?

ಮನೆ ಮಗನ ಹೆಸರಿಗೆ ಬರೆದುಕೊಟ್ಟೆ. ಈಗ ಅವನು ಊಟ ಹಾಕಲ್ಲ.

2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಉಪವಿಭಾಗಾಧಿಕಾರಿಗಳ (ಎ.ಸಿ.) ಮುಂದೆ ಅರ್ಜಿ ಹಾಕಬಹುದು. ಎ.ಸಿ. ಸಾಹೇಬರ ಕಚೇರಿ ಕೊಪ್ಪಳದಲ್ಲಿದೆ, ಬಳ್ಳಾರಿಯಲ್ಲಿದೆ. ರಾಯಚೂರು ಜಿಲ್ಲೆಯವರಿಗೆ ರಾಯಚೂರು ಮತ್ತು ಲಿಂಗಸುಗೂರು. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ದಾನಪತ್ರದಲ್ಲಿ "ನನ್ನನ್ನು ನೋಡಿಕೊಳ್ಳಬೇಕು" ಅನ್ನುವ ಷರತ್ತು ಇದ್ದು ಮಗ ಅದನ್ನು ಪಾಲಿಸದಿದ್ದರೆ ಪತ್ರವನ್ನೇ ರದ್ದು ಮಾಡುವ ಅಧಿಕಾರ 23ನೇ ಕಲಮಿನಲ್ಲಿದೆ. ಷರತ್ತು ಬರೆದಿಲ್ಲದಿದ್ದರೆ ದಾರಿ ಬಹಳ ಬಿಗಿ. ಅದಕ್ಕೇ ಇನ್ನೂ ಬರೆದುಕೊಡದವರಿಗೆ ನಾನು ಹೇಳುವುದು, ಆ ಒಂದು ಸಾಲು ಹಾಕಿಸಿ. ಅಥವಾ ದಾನಪತ್ರ ಬಿಟ್ಟು ವಿಲ್ ಬರೆಯಿರಿ. ವಿಲ್ ರಿಜಿಸ್ಟರ್ ಆಗಲೇಬೇಕು ಅಂತಿಲ್ಲ, ಇಬ್ಬರು ಸಾಕ್ಷಿಗಳು ಬೇಕು, ಮನಸ್ಸು ಬದಲಾದರೆ ಬದಲಾಯಿಸಬಹುದು. ಮನೆ ಕೊನೆಯವರೆಗೂ ನಿಮ್ಮ ಹೆಸರಿನಲ್ಲೇ ಇರುತ್ತೆ, ಸೊಸೆ ಚಹಾದ ಜೊತೆ ಬಿಸ್ಕತ್ತನ್ನೂ ತರುತ್ತಾಳೆ. ಹಿರಿಯರ ಸಹಾಯವಾಣಿ 14567.

ಹಿರಿಯರು ಕೂಡಿ ಸೋಡಚೀಟಿ ಬರೆಸಿದ್ದಾರೆ. ನಾನು ಇನ್ನೊಂದು ಮದುವೆಯಾಗಬಹುದಾ?

ಸಾಹೇಬರ ಹತ್ತಿರ ಈ ಕೇಸು ವರ್ಷಕ್ಕೆ ಹತ್ತಾದರೂ ಬರುತ್ತೆ. ಬಾಂಡ್ ಪೇಪರಿನ ಮೇಲೆ ಇಬ್ಬರೂ ಸಹಿ ಹಾಕಿ "ಇಂದಿನಿಂದ ಸಂಬಂಧ ಇಲ್ಲ" ಅಂತ ಬರೆದರೆ ವಿಚ್ಛೇದನ ಆಗುವುದಿಲ್ಲ. ಕೆಲವು ಸಮುದಾಯಗಳಲ್ಲಿ ರೂಢಿಯ ವಿಚ್ಛೇದನ ಇದೆ, ಕಾನೂನೂ ಅದನ್ನು ಉಳಿಸಿದೆ, ಆದರೆ ಆ ರೂಢಿ ನಿಮ್ಮ ಜಾತಿಯಲ್ಲಿ ಹಿಂದಿನಿಂದ ಇದೆ ಅಂತ ಕೋರ್ಟಿನಲ್ಲಿ ತೋರಿಸಬೇಕು. ತೋರಿಸಲಾಗದೆ ಎರಡನೇ ಮದುವೆ ಕೆಟ್ಟು, ಕೇಸು ಬಿದ್ದವರಿದ್ದಾರೆ. ಇಬ್ಬರಿಗೂ ಒಪ್ಪಿಗೆ ಇದ್ದರೆ ಕೋರ್ಟಿನಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನವೇ ಸಲೀಸು. ಒಂದು ವರ್ಷ ಬೇರೆ ಇದ್ದಿರಬೇಕು, ಅರ್ಜಿ ಹಾಕಿದಮೇಲೆ ಆರು ತಿಂಗಳು ಕಾಯಬೇಕು. ಆ ಆರು ತಿಂಗಳನ್ನು ಕೋರ್ಟು ಸಂದರ್ಭ ನೋಡಿ ಬಿಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಗಂಡ ಹೊಡೆಯುತ್ತಾನೆ, ಮನೆಯಿಂದ ಹೊರಗೆ ಹಾಕಿದ್ದಾನೆ.

ತಕ್ಷಣಕ್ಕೆ 112 ಅಥವಾ 181ಕ್ಕೆ ಫೋನು ಮಾಡಿ. ಆಮೇಲೆ ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಹೋಗಿ, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಅವರೇ ರಕ್ಷಣಾಧಿಕಾರಿ. ಮನೆ ಅತ್ತೆಯ ಹೆಸರಿನಲ್ಲಿದೆ, ಗಂಡನ ಹೆಸರಿನಲ್ಲಿಲ್ಲ ಅಂದರೂ, ನೀವು ಅಲ್ಲಿ ಸಂಸಾರ ಮಾಡಿದ್ದರೆ ಇರುವ ಹಕ್ಕು ಕೇಳಬಹುದು. ಜೀವನಾಂಶದ ಅರ್ಜಿಗೆ ಎಲ್ಲರೂ ಇನ್ನೂ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125 ಅಂತಲೇ ಹೇಳುತ್ತಾರೆ, 2024ರ ಜುಲೈ 1ರಿಂದ ಅದು ಹೊಸ ಸಂಹಿತೆಯ 144ನೇ ಕಲಮು. ಹೆಸರು ಬದಲಾಗಿದೆ, ಹಕ್ಕು ಅದೇ.

ಹುಡುಗಿಗೆ 18 ಆಗಲು ನಾಲ್ಕೇ ತಿಂಗಳು ಇದೆ. ಮದುವೆ ಮಾಡಿದರೆ ಏನಾಗುತ್ತೆ?

ನಾಲ್ಕು ದಿನ ಇದ್ದರೂ ಬಾಲ್ಯವಿವಾಹವೇ. ನಮ್ಮ ರಾಜ್ಯದ ತಿದ್ದುಪಡಿಯ ಪ್ರಕಾರ ಅಂಥ ಮದುವೆಗೆ ಮೊದಲಿನಿಂದಲೇ ಬೆಲೆ ಇಲ್ಲ. ಮಾಡಿಸಿದ ಹಿರಿಯರು, ಅಕ್ಷತೆ ಹಾಕಿಸಿದ ಸ್ವಾಮಿಗಳು, ಎಲ್ಲರ ಮೇಲೂ ಕೇಸು, ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಗೊತ್ತಾದರೆ 1098ಕ್ಕೆ ಹೇಳಿ.

ಬೆಂಗಳೂರಿಗೆ ಗುಳೆ ಹೋಗಿದ್ದೆವು. ಮೇಸ್ತ್ರಿ ಆರು ವಾರದ ಕೂಲಿ ಕೊಟ್ಟಿಲ್ಲ.

ಮೊದಲು ಹೇಳಿ, ಲೆಕ್ಕ ಯಾರ ಹತ್ತಿರ ಇದೆ? ಎಲ್ಲರೂ "ಮೇಸ್ತ್ರಿ ಡೈರಿನ್ಯಾಗ ಐತಿ" ಅಂತಾರೆ. ಆ ಡೈರಿ ನಾನು ನೋಡಿದ್ದೇನೆ. ಅಂಗಿ ಜೇಬಿನಲ್ಲಿ ಬೆವರಿಗೆ ಉಬ್ಬಿದ ಪುಟ್ಟ ಪುಸ್ತಕ, ಪೆನ್ಸಿಲಿನಲ್ಲಿ ಗೀಟುಗಳು, ಒಂದು ರಬ್ಬರು ಇದ್ದರೆ ನಿಮ್ಮ ಆರು ವಾರ ನಾಲ್ಕಾಗುತ್ತೆ. ನೀವೇ ಒಂದು ಲೆಕ್ಕ ಇಡಿ. ದಿನಾ ಸಂಜೆ ಸೈಟಿನ ಬೋರ್ಡು ಕಾಣುವಂತೆ ಒಂದು ಫೋಟೋ, ಮೇಸ್ತ್ರಿಗೆ "ಇವತ್ತು ಮೂರು ಆಳು ಸಾರ್" ಅಂತ ಒಂದು ವಾಟ್ಸಾಪ್. ಇಷ್ಟೇ ದೊಡ್ಡ ಸಾಕ್ಷಿ.

ಮೇಸ್ತ್ರಿ ಓಡಿಹೋದರೂ ಕೆಲಸ ಮಾಡಿಸಿಕೊಂಡ ಮೂಲ ಕಂಪನಿಯವರು ಕೂಲಿಗೆ ಜವಾಬ್ದಾರರು. ಕೆಲಸ ನಡೆದ ಊರಿನ ಕಾರ್ಮಿಕ ಇಲಾಖೆಗೆ ದೂರು ಕೊಡಬೇಕು, ಸಹಾಯವಾಣಿ 155214. 2025ರ ನವೆಂಬರ್ 21ರಿಂದ ಹಳೆಯ 29 ಕಾರ್ಮಿಕ ಕಾನೂನುಗಳ ಜಾಗಕ್ಕೆ ನಾಲ್ಕು ಸಂಹಿತೆಗಳು ಬಂದಿವೆ. ಅದರಲ್ಲಿ ವೇತನ ಬಾಕಿಗೆ ಮೂರು ವರ್ಷದೊಳಗೆ ಅರ್ಜಿ ಹಾಕಬಹುದು.

ಮುಂಗಡ ಕೊಟ್ಟಿದ್ದೇನೆ, ತೀರುವ ತನಕ ಊರಿಗೆ ಹೋಗುವಂತಿಲ್ಲ ಅಂದರೆ ಅದಕ್ಕೆ ಜೀತ ಅನ್ನುತ್ತಾರೆ. 1976ರಲ್ಲೇ ಅದನ್ನು ರದ್ದು ಮಾಡಿದ ಕಾಯ್ದೆ ಇದೆ. ಜಿಲ್ಲಾಧಿಕಾರಿ, ತಹಶೀಲ್ದಾರರು ಬಂದು ಬಿಡಿಸಬೇಕು, ಆ ಮುಂಗಡದ ಸಾಲವೂ ಅಲ್ಲಿಗೇ ಮುಗಿಯಿತು.

ಕೆಲಸ ಬಿಟ್ಟೆ. ಬರಬೇಕಾದದ್ದು ಏನೇನು?

ಬಾಕಿ ಸಂಬಳ ಎರಡು ಕೆಲಸದ ದಿನದೊಳಗೆ ಕೊಡಬೇಕು ಅಂತ ಈಗಿನ ವೇತನ ಸಂಹಿತೆ ಹೇಳುತ್ತೆ. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ಐದು ವರ್ಷ ದುಡಿದಿದ್ದರೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕೊಡುವ ಇಡಿಗಂಟು. ಇಂತಿಷ್ಟು ಅವಧಿಗೆ ಅಂತ ಬರೆದುಕೊಂಡು ಸೇರಿದವರಿಗೆ ಒಂದೇ ವರ್ಷ ಸಾಕು. ಲೆಕ್ಕ ಸುಲಭ: ಕೊನೆಯ ತಿಂಗಳ ಮೂಲ ವೇತನ ಮತ್ತು ಡಿಎ (ತುಟ್ಟಿಭತ್ಯೆ) ಕೂಡಿಸಿ, 26ರಿಂದ ಭಾಗಿಸಿ 15ರಿಂದ ಗುಣಿಸಿ, ಅದನ್ನು ವರ್ಷಗಳಿಂದ ಗುಣಿಸಿ. 13,000 ಇದ್ದು ಹತ್ತು ವರ್ಷ ದುಡಿದಿದ್ದರೆ 75,000 ರೂಪಾಯಿ.

ಪಿಎಫ್ ಕಟ್ಟಿದ್ದಾರಾ ಅಂತ ನಿಮ್ಮ ಪಿಎಫ್ ಖಾತೆಯ ಯುಎಎನ್ ನಂಬರು ಹಾಕಿ ಆಗಾಗ ನೋಡುತ್ತಿರಿ. ಸಂಬಳದ ಚೀಟಿಯಲ್ಲಿ ಕತ್ತರಿಸಿ ಪಿಎಫ್ ಕಚೇರಿಗೆ ಕಟ್ಟದ ಮಾಲೀಕರು ಇದ್ದಾರೆ. ಬಳ್ಳಾರಿಯ ಜೀನ್ಸ್ ಹೊಲಿಯುವ ಘಟಕಗಳು, ಗಂಗಾವತಿ ಕಡೆಯ ರೈಸ್ ಮಿಲ್ಲುಗಳು ಅಂತ ಸಣ್ಣ ಸಣ್ಣ ಜಾಗದಲ್ಲಿ ದುಡಿಯುವವರು ಕೇಳುವುದು ಇಎಸ್‌ಐ (ಕಾರ್ಮಿಕರ ವಿಮೆ) ಬಗ್ಗೆ. ಹತ್ತು ಜನ ಇರುವ ಕಡೆ, ತಿಂಗಳಿಗೆ 21,000ದವರೆಗೆ ಸಂಬಳ ಇದ್ದರೆ ಬರುತ್ತೆ. ನಿಮ್ಮಿಂದ ಶೇ. 0.75, ಮಾಲೀಕರಿಂದ ಶೇ. 3.25. ಮಾರ್ಕ್ಸ್ ಕಾರ್ಡಿನ ಮೂಲ ಪ್ರತಿ ಇಟ್ಟುಕೊಂಡು ಸತಾಯಿಸುವ ಹಕ್ಕು ಯಾವ ಮಾಲೀಕರಿಗೂ ಇಲ್ಲ.

ಕೆಲಸದಲ್ಲಿ ಬಿದ್ದು ಕಾಲು ಮುರಿಯಿತು. "ನಿನ್ನದೇ ತಪ್ಪು" ಅಂತಾರೆ.

ಕೆಲಸದ ವೇಳೆ, ಕೆಲಸದ ಕಾರಣಕ್ಕೆ ಆದ ಗಾಯಕ್ಕೆ ಪರಿಹಾರ ಕೇಳುವಾಗ ಮಾಲೀಕರ ತಪ್ಪು ತೋರಿಸಬೇಕು ಅಂತಿಲ್ಲ. ವಯಸ್ಸು, ಕೂಲಿ, ಎಷ್ಟು ಅಂಗವಿಕಲತೆ ಅನ್ನುವುದರ ಮೇಲೆ ಲೆಕ್ಕ. ಆಸ್ಪತ್ರೆಯಲ್ಲಿ ಬರೆಸುವಾಗ "ಮನೆಯಲ್ಲಿ ಜಾರಿ ಬಿದ್ದೆ" ಅಂತ ಬರೆಸಿ ಅನ್ನುತ್ತಾರೆ, ಹಾಗೆ ಮಾತ್ರ ಬರೆಸಬೇಡಿ. ಆ ಒಂದು ಸಾಲಿಗೆ ಕೇಸು ಸತ್ತುಹೋಗುತ್ತೆ. ಗೌಂಡಿ, ಸೆಂಟ್ರಿಂಗ್, ಪೇಂಟಿಂಗ್ ಕೆಲಸದವರು ವರ್ಷಕ್ಕೆ 90 ದಿನ ದುಡಿದಿದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು ಮಾಡಿಸಿಟ್ಟುಕೊಳ್ಳಿ.

ಸಂಘದ ಸಾಲದವರು ರಾತ್ರಿ ಮನೆ ಮುಂದೆ ಬಂದು ಕೂರುತ್ತಾರೆ.

ಕೂರುವಂತಿಲ್ಲ. ಮೈಕ್ರೋಫೈನಾನ್ಸಿನವರು ಬೆಳಿಗ್ಗೆ 9ಕ್ಕಿಂತ ಮುಂಚೆ, ಸಂಜೆ 6ರ ಮೇಲೆ ಫೋನು ಸಹ ಮಾಡಬಾರದು ಅಂತ ರಿಸರ್ವ್ ಬ್ಯಾಂಕಿನ 2022ರ ನಿಯಮ ಇದೆ. 2025ರ ಫೆಬ್ರವರಿಯಲ್ಲಿ ನಮ್ಮ ಸರ್ಕಾರ ಬೇರೆ ಸುಗ್ರೀವಾಜ್ಞೆ ತಂದು, ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇಟ್ಟಿದೆ. ಪೊಲೀಸರಿಗೆ ಬರೆದುಕೊಡಿ. ಹಾಗಂತ ರಿಜಿಸ್ಟರ್ ಆದ ಸಂಸ್ಥೆಯ ಸಾಲ ಮನ್ನಾ ಆಯಿತು ಅಂತ ಅಲ್ಲ, ಸಾಲ ಕಟ್ಟಲೇಬೇಕು.

ಗೆಳೆಯನ ಸಾಲಕ್ಕೆ ಜಾಮೀನು ಹಾಕುವವರಿಗೆ: ಅವನು ಕಟ್ಟದಿದ್ದರೆ ಬ್ಯಾಂಕು ಅವನನ್ನು ಬಿಟ್ಟು ನೇರ ನಿಮ್ಮ ಹತ್ತಿರವೇ ಬರಬಹುದು. ಇದು ಯಾರಿಗೂ ಗೊತ್ತಿರುವುದಿಲ್ಲ, ಸಂಬಳದಲ್ಲಿ ಹಿಡಿದಾಗ ಗೊತ್ತಾಗುತ್ತೆ.

ನನಗೆ ಕೊಟ್ಟ ಚೆಕ್ಕು ಬೌನ್ಸ್ ಆಯಿತು.

ಮೂರು ಲೆಕ್ಕ ನೆನಪಿಡಿ. ಬ್ಯಾಂಕಿನ ಚೀಟಿ ಬಂದ 30 ದಿನದೊಳಗೆ ನೋಟಿಸ್. ನೋಟಿಸ್ ಮುಟ್ಟಿದಮೇಲೆ ಅವರಿಗೆ 15 ದಿನ ಟೈಮು. ಆಮೇಲೆ ಒಂದು ತಿಂಗಳೊಳಗೆ ಕೋರ್ಟಿನಲ್ಲಿ ದೂರು. "ದೀಪಾವಳಿ ಆದಮೇಲೆ ಕೊಡ್ತೀನಿ" ಅನ್ನುವವರು ಈ 30 ದಿನ ದಾಟಿಸಲಿಕ್ಕೆ ಹಾಗೆ ಹೇಳುವುದು.

ಸ್ಟೇಷನ್ನಿನಲ್ಲಿ ಎಫ್‌ಐಆರ್ ತೊಗೊಳ್ಳಲ್ಲ, ನಮ್ಮ ಹದ್ದು ಅಲ್ಲ ಅಂತಾರೆ.

ಹದ್ದು ಯಾವುದಾದರೂ ಝೀರೋ ಎಫ್‌ಐಆರ್ ಮಾಡಿಕೊಳ್ಳಲೇಬೇಕು, ಪ್ರತಿ ಪುಕ್ಕಟೆ ಕೊಡಬೇಕು. ಮಾಡದಿದ್ದರೆ ದೂರನ್ನು ಸ್ಪೀಡ್ ಪೋಸ್ಟಿನಲ್ಲಿ ಎಸ್‌ಪಿ ಸಾಹೇಬರಿಗೆ ಕಳಿಸಿ, ರಶೀದಿ ಇಟ್ಟುಕೊಳ್ಳಿ. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟು.

ವಕೀಲರಿಗೆ ಕೊಡಲು ದುಡ್ಡಿಲ್ಲ.

ಜಿಲ್ಲಾ ಕೋರ್ಟಿನಲ್ಲೇ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇದೆ. ಹೆಣ್ಣುಮಕ್ಕಳು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಇವರಿಗೆ ಆದಾಯ ಎಷ್ಟೇ ಇದ್ದರೂ ಪುಕ್ಕಟೆ ವಕೀಲರು ಸಿಗುತ್ತಾರೆ. 15100ಕ್ಕೆ ಫೋನು ಮಾಡಿಯೂ ಕೇಳಬಹುದು. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಫೀ ವಾಪಸ್ ಬರುತ್ತೆ. ಆದರೆ ಅದರ ಮೇಲೆ ಅಪೀಲು ಇಲ್ಲ, ಆದ್ದರಿಂದ ಮೊತ್ತ ಸರಿಯಿದೆಯಾ ಅಂತ ಯೋಚಿಸಿ ಒಪ್ಪಿ. ಅಪಘಾತದ ಕೇಸಿನವರು ಬೇಗ ಮುಗಿಯಲಿ ಅಂತ ಬಂದಷ್ಟಕ್ಕೆ ತಲೆ ಅಲ್ಲಾಡಿಸುವುದನ್ನು ನೋಡಿ ನನಗೆ ಎಷ್ಟೋ ಸಲ ಹೊಟ್ಟೆ ಉರಿದಿದೆ.

ಹೈಕೋರ್ಟಿಗೆ ಬೆಂಗಳೂರಿಗೇ ಹೋಗಬೇಕಾ?

ಬೇಡ. ಬಳ್ಳಾರಿ, ಕೊಪ್ಪಳದವರಿಗೆ ಧಾರವಾಡ ಪೀಠ. ರಾಯಚೂರಿನವರಿಗೆ ಕಲಬುರಗಿ ಪೀಠ. ಎರಡೂ 2013ರಿಂದ ಕಾಯಂ ಪೀಠಗಳು.

ಕೋರ್ಟಿನ ನೋಟಿಸ್ ತೊಗೊಳ್ಳದಿದ್ದರೆ ಕೇಸು ನಡೆಯಲ್ಲ ಅಲ್ವಾ?

ಇದನ್ನು ಯಾರು ಹುಟ್ಟಿಸಿದರೋ ಗೊತ್ತಿಲ್ಲ, ಓದಿದವರೂ ನಂಬುತ್ತಾರೆ. ಪೋಸ್ಟ್‌ಮ್ಯಾನ್ ಬಂದಾಗ ಬಾಗಿಲು ಹಾಕಿಕೊಂಡು ಒಳಗೆ ಕೂತರೆ, ಅವನು ಕವರಿನ ಮೇಲೆ "ತೆಗೆದುಕೊಳ್ಳಲು ನಿರಾಕರಿಸಿದ್ದಾರೆ" ಅಂತ ಬರೆದು, ತಾರೀಖು ಹಾಕಿ, ವಾಪಸ್ ಕಳಿಸುತ್ತಾನೆ. ಕೋರ್ಟು ಅದನ್ನು ನೋಟಿಸ್ ಮುಟ್ಟಿದೆ ಅಂತಲೇ ತಿಳಿಯುತ್ತೆ. ನೀವಿಲ್ಲದೆ ಕೇಸು ನಡೆದು ಎಕ್ಸ್‌ಪಾರ್ಟಿ ಡಿಕ್ರಿ ಆಗುತ್ತೆ. ಅದನ್ನು ತೆಗೆಸಲು ಡಿಕ್ರಿಯ ದಿನದಿಂದ 30 ದಿನದೊಳಗೆ ಅರ್ಜಿ ಹಾಕಬೇಕು, ಯಾಕೆ ಬರಲಿಲ್ಲ ಅಂತ ಕಾರಣವನ್ನೂ ಹೇಳಬೇಕು. "ಬಾಗಿಲು ಹಾಕಿಕೊಂಡು ಕೂತಿದ್ದೆ" ಅಂತ ಅಫಿಡವಿಟ್ಟಿನಲ್ಲಿ ಬರೆಯಲು ಬರುವುದಿಲ್ಲ. ಅದಕ್ಕೇ ಕವರು ತೊಗೊಳ್ಳಿ, ಒಡೆಯಿರಿ, ಒಳಗೆ ಬರೆದಿರುವ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಸುತ್ತು ಹಾಕಿ.